ಕಿವಿಯೊಳಗೆ ದಾರಿ ತಪ್ಪಿದ ಚರ್ಮ

ಪ್ರಶ್ನೆ: ನನಗೆ 36 ವರ್ಷ. ಚಿಕ್ಕವಳಿದ್ದಾಗಿನಿಂದ ಬಲಗಿವಿ ಆಗಾಗ ಸೋರುತ್ತದೆ. ನೋವಿಲ್ಲ, ಆದರೆ ಕೆಟ್ಟ ವಾಸನೆ. ಡ್ರಾಪ್ಸ್ ಹಾಕಿದರೆ ವಾರದೊಳಗೆ ನಿಲ್ಲುತ್ತದೆ. ಒಂದೆರಡು ತಿಂಗಳು ಕಳೆದರೆ ಮತ್ತೆ ಶುರು. ಈಗ ಇಎನ್‌ಟಿ ಡಾಕ್ಟರು ಸ್ಕ್ಯಾನ್ ಮಾಡಿಸಿ, 'ಕೊಲೆಸ್ಟಿಯಟೋಮಾ ಇದೆ, ಆಪರೇಷನ್ ಬೇಕು' ಎಂದಿದ್ದಾರೆ. ಇದು ಗಡ್ಡೆಯಾ, ಕ್ಯಾನ್ಸರಾ? ಕೊಲೆಸ್ಟ್ರಾಲ್ ಜಾಸ್ತಿಯಾಗಿ ಬಂದಿದ್ದಾ? ಆ ಕಿವಿ ಈಗಲೂ ಸುಮಾರಾಗಿ ಕೇಳುತ್ತದೆ. ಆಪರೇಷನ್ ಇಲ್ಲದೆ ಆಗಲ್ವಾ? ಮುಖದ ನರಕ್ಕೆ ಪೆಟ್ಟಾಗಬಹುದು ಎಂದು ಕೇಳಿ ಹೆದರಿಕೆಯಾಗಿದೆ. ಆಪರೇಷನ್‌ಗೆ ಇನ್ನೂ ಎರಡು ತಿಂಗಳಿದೆ. ಅಲ್ಲಿಯವರೆಗೆ ಕಾಯಬಹುದಾ?

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಇದು ಕ್ಯಾನ್ಸರ್ ಅಲ್ಲ. ಕೊಲೆಸ್ಟ್ರಾಲ್‌ಗೂ ಇದಕ್ಕೂ ಸಂಬಂಧವಿಲ್ಲ. ನೀವು ತಿಂದದ್ದು, ಬಿಟ್ಟದ್ದು ಯಾವುದರಿಂದಲೂ ಇದು ಬಂದಿಲ್ಲ.

ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. 1829ರಲ್ಲಿ ಫ್ರಾನ್ಸಿನ ಕ್ರುವೇಯ್ಯೆ ಎಂಬ ವೈದ್ಯರು ಇದನ್ನು ಮುತ್ತಿನಂಥ ಗಡ್ಡೆ ಎಂದು ಬಣ್ಣಿಸಿದ್ದರು. 1838ರಲ್ಲಿ ಜರ್ಮನಿಯ ಯೊಹಾನೆಸ್ ಮುಲ್ಲರ್ ಇದಕ್ಕೆ ಕೊಲೆಸ್ಟಿಯಟೋಮಾ ಎಂದು ಹೆಸರಿಟ್ಟರು. ಅದರಲ್ಲಿ ಕೊಲೆಸ್ಟ್ರಾಲ್ ಹರಳು ಮತ್ತು ಕೊಬ್ಬು ಇದೆ ಎಂದು ಅವರು ತಿಳಿದಿದ್ದರು. ಆದರೆ ಇದು ಕೊಬ್ಬೂ ಅಲ್ಲ, ನಿಜವಾದ ಅರ್ಥದಲ್ಲಿ ಗಡ್ಡೆಯೂ ಅಲ್ಲ. ಹೆಸರು ಮಾತ್ರ ಇವತ್ತಿಗೂ ಉಳಿದುಕೊಂಡಿದೆ. ಹಾಗಾಗಿ ಕೊಲೆಸ್ಟ್ರಾಲ್ ಮಾತ್ರೆ ಬೇಕಾ ಎಂದು ಕೇಳುವವರು ನೀವೊಬ್ಬರೇ ಅಲ್ಲ.

ಹಾಗಾದರೆ ಇದು ಏನು? ಚರ್ಮ. ನಿಮ್ಮ ಕೈಮೇಲೆ ಇರುವಂಥದ್ದೇ ಚರ್ಮ. ತಪ್ಪಾದ ಜಾಗಕ್ಕೆ ಹೋಗಿ ಸೇರಿಕೊಂಡಿದೆ, ಅಷ್ಟೇ. ಆದರೆ ತೊಂದರೆಯೆಲ್ಲ ಹುಟ್ಟುವುದು ಆ ತಪ್ಪು ಜಾಗದಿಂದಲೇ.

ಕಿವಿಯ ತೂತಿನಿಂದ ಒಳಗೆ ಹೋದರೆ ಕೊನೆಯಲ್ಲಿ ತಮಟೆ ಸಿಗುತ್ತದೆ. ಸುಮಾರು ಒಂದು ಸೆಂಟಿಮೀಟರ್ ಅಗಲದ, ಕಾಗದದಷ್ಟು ತೆಳುವಾದ ಪೊರೆ ಅದು. ತಮಟೆಯ ಹೊರಮೈಯಲ್ಲಿ ಚರ್ಮವಿದೆ. ಒಳಗಡೆ, ಅಂದರೆ ನಡುಗಿವಿಯಲ್ಲಿ, ಚರ್ಮ ಇರಬಾರದು. ಅಲ್ಲಿ ಮೂಗಿನೊಳಗೆ ಇರುವಂಥ ಒದ್ದೆ ಪೊರೆ ಇರಬೇಕು, ಗಾಳಿ ಇರಬೇಕು, ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳಿರಬೇಕು.

ಚರ್ಮದ ಸ್ವಭಾವ ನಿಮಗೆ ಗೊತ್ತೇ ಇದೆ. ಮೇಲಿನ ಪದರ ಸತ್ತು ಉದುರುತ್ತಲೇ ಇರುತ್ತದೆ. ಕೈಮೇಲಿನದು ಸ್ನಾನದಲ್ಲಿ ತೊಳೆದು ಹೋಗುತ್ತದೆ. ಕಿವಿಯೊಳಗಿನದಕ್ಕೆ ಒಂದು ಸೊಗಸಾದ ವ್ಯವಸ್ಥೆ ಇದೆ. ತಮಟೆಯ ಮೇಲಿನ ಚರ್ಮ ನಡುವಿನಿಂದ ಅಂಚಿಗೆ, ಅಂಚಿನಿಂದ ಕಿವಿಯ ಬಾಯಿಗೆ ತಾನಾಗಿಯೇ ಸರಿದು ಬರುತ್ತದೆ, ಹೆಚ್ಚುಕಡಿಮೆ ಉಗುರು ಬೆಳೆಯುವಷ್ಟು ನಿಧಾನವಾಗಿ. ಸತ್ತ ಪದರವನ್ನೂ ಗುಗ್ಗೆಯನ್ನೂ ಅದೇ ಹೊತ್ತು ತಂದು ಹೊರಗೆ ಹಾಕುತ್ತದೆ. (ಕಿವಿಗೆ ಕಡ್ಡಿ ಹಾಕಬೇಡಿ ಎಂದು ನಾವು ಬಡಿದುಕೊಳ್ಳುವುದು ಇದಕ್ಕೇ. ಹೊರಗೆ ಬರುತ್ತಿರುವುದನ್ನು ಕಡ್ಡಿ ಮತ್ತೆ ಒಳಗೆ ತಳ್ಳುತ್ತದೆ.)

ಈಗ ಅದೇ ಚರ್ಮ ತಮಟೆಯ ಹಿಂದೆ ಒಂದು ಚೀಲದಂತೆ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ಅಲ್ಲಿಯೂ ಅದು ಉದುರುವುದನ್ನು ನಿಲ್ಲಿಸುವುದಿಲ್ಲ. ಆದರೆ ಉದುರಿದ್ದು ಹೊರಗೆ ಹೋಗಲು ದಾರಿಯಿಲ್ಲ. ಹೊಟ್ಟಿನ ಮೇಲೆ ಹೊಟ್ಟು ಕೂಡುತ್ತಾ ಚೀಲ ಹಿಗ್ಗುತ್ತದೆ. ಸತ್ತ ಚರ್ಮ, ತೇವ, ಬೆಚ್ಚಗಿನ ಜಾಗ: ಬ್ಯಾಕ್ಟೀರಿಯಾಗಳಿಗೆ ಇನ್ನೇನು ಬೇಕು? ನಿಮಗೆ ಬರುವ ವಾಸನೆ ಅಲ್ಲಿಂದಲೇ ಬರುವುದು. ಸಾಮಾನ್ಯ ಕಿವಿ ಸೋರುವಿಕೆಯಲ್ಲಿ ನೀರಾಗಿ, ಲೋಳೆಯಾಗಿ, ಜಾಸ್ತಿ ಪ್ರಮಾಣದಲ್ಲಿ ಬರುತ್ತದೆ. ಅಷ್ಟು ವಾಸನೆ ಇರುವುದಿಲ್ಲ. ಇದರಲ್ಲಿ ಬರುವುದು ಸ್ವಲ್ಪವೇ. ಆದರೆ ಹತ್ತಿಯಲ್ಲಿ ಒರೆಸಿದರೆ ಕೈಗೆ ಅಂಟಿದ ವಾಸನೆ ಹೋಗುವುದಿಲ್ಲ. ಎಷ್ಟೋ ಸಲ ರೋಗಿ ಬಂದು ಕುರ್ಚಿಯಲ್ಲಿ ಕೂತಾಗಲೇ ನನಗೆ ಅರ್ಧ ಅನುಮಾನ ಬಂದಿರುತ್ತದೆ.

ಮೈಕ್ರೋಸ್ಕೋಪಿನಲ್ಲಿ ಕಾಣುವುದನ್ನೂ ಹೇಳುತ್ತೇನೆ. ಆ ದೃಶ್ಯ ಒಮ್ಮೆ ಕಣ್ಣಿಗೆ ಕಟ್ಟಿದರೆ ಕಾಯಿಲೆ ತಾನಾಗಿ ಅರ್ಥವಾಗುತ್ತದೆ. ತಮಟೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಗುಳಿ. ಅದರ ಬಾಯಿಗೆ ಕಂದು ಬಣ್ಣದ ಒಣ ಚಕ್ಕೆ ಮೆತ್ತಿಕೊಂಡಿರುತ್ತದೆ. ನೋಡುವವರಿಗೆ ಗುಗ್ಗೆ ಎಂದೇ ಅನಿಸುತ್ತದೆ. ಆ ಚಕ್ಕೆ ಎತ್ತಿದರೆ ಹಿಂದೆ ಬಿಳಿ ಬಿಳಿ ಪದರಗಳು, ಒದ್ದೆಯಾದ ಈರುಳ್ಳಿ ಸಿಪ್ಪೆಯ ಹಾಗೆ ಒಂದರ ಮೇಲೊಂದು. ಸಣ್ಣ ಕೊಳವೆಯಿಂದ ಹೀರಿದಷ್ಟೂ ಬರುತ್ತಲೇ ಇರುತ್ತವೆ. ಬರಿಗಣ್ಣಿನಲ್ಲಿ, ಆತುರದಲ್ಲಿ ನೋಡಿದವರು ಆ ಚಕ್ಕೆಯನ್ನು ಗುಗ್ಗೆ ಎಂದು ಬಿಟ್ಟುಬಿಡುವುದು ಸುಲಭ. ನಿಮಗೆ ಇಷ್ಟು ವರ್ಷ ಬರೀ ಡ್ರಾಪ್ಸ್ ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಚರ್ಮ ಒಳಗೆ ಹೋಗಿದ್ದಾದರೂ ಹೇಗೆ? ಹೆಚ್ಚಿನವರಲ್ಲಿ ಕಥೆ ಶುರುವಾಗುವುದು ಮೂಗಿನ ಹಿಂದೆ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಯೂಸ್ಟೇಶಿಯನ್ ನಾಳ ಎಂಬ ಕೊಳವೆ ಇದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಕಿವಿಯೊಳಗೆ ಗಾಳಿ ಬಿಡುತ್ತದೆ. ಅದು ವರ್ಷಗಟ್ಟಲೆ ಸರಿಯಾಗಿ ತೆರೆಯದೇ ಹೋದರೆ ಒಳಗಿನ ಗಾಳಿ ಕಡಿಮೆಯಾಗಿ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ತಮಟೆಯ ಮೇಲ್ಭಾಗದ ಸಣ್ಣ ತುಂಡು ಮೊದಲೇ ಸಡಿಲ. ಉಳಿದ ತಮಟೆಗೆ ಇರುವ ಗಟ್ಟಿ ನಾರಿನ ಪದರ ಅಲ್ಲಿಲ್ಲ. ಎಳೆತಕ್ಕೆ ಅದೇ ಮೊದಲು ಸೋಲುತ್ತದೆ. ಮೊದಲು ಒಂದು ಗುಳಿ ಬೀಳುತ್ತದೆ. ಗುಳಿ ಆಳವಾಗಿ ಜೇಬಿನಂತಾಗುತ್ತದೆ. ಜೇಬಿನ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಎನ್ನುವಂತಾದ ದಿನದಿಂದ ಸತ್ತ ಚರ್ಮ ಹೊರಗೆ ಬರುವುದು ನಿಂತುಹೋಗುತ್ತದೆ. ಇನ್ನು ಕೆಲವರಲ್ಲಿ ತಮಟೆಯ ತೂತಿನ ಅಂಚಿನಿಂದಲೇ ಚರ್ಮ ಒಳಗೆ ತೆವಳುತ್ತದೆ. ಅಪರೂಪಕ್ಕೆ ಹುಟ್ಟುವಾಗಲೇ ಬಂದಿರುವುದೂ ಉಂಟು. ಆ ಮಕ್ಕಳ ತಮಟೆಗೆ ತೂತೇ ಇರುವುದಿಲ್ಲ, ಕಿವಿ ಒಮ್ಮೆಯೂ ಸೋರಿರುವುದಿಲ್ಲ. ತಮಟೆಯ ಹಿಂದೆ ಬಿಳಿ ಮುತ್ತಿನಂಥದ್ದು ಕಾಣುತ್ತದೆ. ಸೀಳು ಅಂಗುಳಿನ ಮಕ್ಕಳಲ್ಲಿ ಯೂಸ್ಟೇಶಿಯನ್ ನಾಳದ ಸ್ನಾಯು ಸರಿಯಾಗಿ ಕೆಲಸ ಮಾಡದ ಕಾರಣ ಈ ಕಾಯಿಲೆಯ ಸಾಧ್ಯತೆ ಜಾಸ್ತಿ. ನಿಮ್ಮದು ಚಿಕ್ಕಂದಿನಿಂದ ಸೋರುವ ಕಿವಿ. ಹಾಗಾಗಿ ಮೊದಲ ಎರಡರಲ್ಲಿ ಒಂದಿರಬೇಕು.

ಬರೀ ಚರ್ಮ ತಾನೇ, ಅದರ ಪಾಡಿಗೆ ಅದು ಇರಲಿ ಎಂದು ಬಿಡಬಹುದಲ್ವಾ ಎಂದು ನಿಮಗೆ ಅನಿಸಬಹುದು. ಬಿಡಲು ಆಗುವುದಿಲ್ಲ. ಈ ಚೀಲ ಮೂಳೆ ತಿನ್ನುತ್ತದೆ. ಹಿಗ್ಗುವ ಒತ್ತಡ ಒಂದು ಕಡೆ. ಚೀಲದ ಗೋಡೆಯ ಊತ, ಸೋಂಕು, ಅಲ್ಲಿ ಹುಟ್ಟುವ ರಾಸಾಯನಿಕಗಳು ಇನ್ನೊಂದು ಕಡೆ. ಇವೆಲ್ಲ ಸೇರಿ ಮೂಳೆ ಕರಗಿಸುವ ಜೀವಕೋಶಗಳನ್ನು ಎಬ್ಬಿಸುತ್ತವೆ. ನೋವಿಲ್ಲದೆ, ಸದ್ದಿಲ್ಲದೆ, ವರ್ಷಗಳ ಕಾಲ ಇದು ನಡೆಯುತ್ತದೆ.

ಮೊದಲು ಹೋಗುವುದು ಸಾಮಾನ್ಯವಾಗಿ ಅಡಿಗಲ್ಲು ಮೂಳೆಯ ಉದ್ದನೆಯ ಕಾಲು. ಅದಕ್ಕೆ ರಕ್ತ ಪೂರೈಕೆ ಕಡಿಮೆ. ಅದು ಮುರಿದರೆ ಶಬ್ದದ ಸರಪಳಿ ಕಡಿದು ಕಿವಿ ಮಂದವಾಗುತ್ತದೆ. ರಿಕಾಪಿನ ಮೇಲೆಯೇ ಮುಖದ ನರ ಹಾದುಹೋಗುತ್ತದೆ. ಅದರ ಮೂಳೆಯ ಹೊದಿಕೆ ಸವೆದರೆ ಬಾಯಿ ಸೊಟ್ಟಗಾಗಬಹುದು, ಕಣ್ಣು ಮುಚ್ಚದೇ ಹೋಗಬಹುದು. ಅದರ ಪಕ್ಕದಲ್ಲೇ ದೇಹದ ಸಮತೋಲನ ನೋಡಿಕೊಳ್ಳುವ ಅರೆವೃತ್ತ ನಾಳ ಇದೆ. ಅದಕ್ಕೆ ತೂತು ಬಿದ್ದರೆ ಕಿವಿಯ ಮುಂದಿನ ಮೃದು ಎಲುಬನ್ನು ಒತ್ತಿದರೂ ಸಾಕು, ತಲೆ ಗಿರ್ರೆಂದು ಸುತ್ತುತ್ತದೆ. ನಡುಗಿವಿಯ ಚಾವಣಿಯಂತೂ ಒಂದು ತೆಳು ಮೂಳೆಯ ಹಾಳೆ. ಅದರ ಮೇಲೆ ಮಿದುಳು. ಸೋಂಕು ಅಲ್ಲಿಗೆ ಹತ್ತಿದರೆ ಮಿದುಳು ಪೊರೆಯ ಉರಿಯೂತ, ಮಿದುಳಿನಲ್ಲಿ ಕೀವುಗಟ್ಟುವುದು, ಪಕ್ಕದ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಎಲ್ಲ ಆಗಬಹುದು. ಹೆಚ್ಚಿನವರಿಗೆ ಇವು ಆಗುವುದಿಲ್ಲ. ಆದರೆ ಆದಾಗ ಜೀವಕ್ಕೇ ಬರುತ್ತದೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಹತ್ತಾರು ವರ್ಷ ಮುಂದೂಡಿ, ಕೊನೆಗೆ ಮುಖ ಸೊಟ್ಟಗಾದ ಮೇಲೆ ಬಂದವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

'ನನಗೆ ಕಿವಿ ಸುಮಾರಾಗಿ ಕೇಳುತ್ತದೆ' ಎಂದಿದ್ದೀರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಆಪರೇಷನ್ ಆದ ಮೇಲೆ ನಿಮಗೆ ಬೇಸರವಾಗುತ್ತದೆ. ಕೆಲವರಲ್ಲಿ ಮೂಳೆಗಳ ಸರಪಳಿ ಆಗಲೇ ಕಡಿದಿರುತ್ತದೆ. ಆದರೆ ಮುರಿದ ಜಾಗದಲ್ಲಿ ಆ ಚರ್ಮದ ಚೀಲವೇ ಕೂತು ಸೇತುವೆಯಂತೆ ಶಬ್ದವನ್ನು ದಾಟಿಸುತ್ತಿರುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಕಿವಿ ಚೆನ್ನಾಗಿಯೇ ಕಾಣುತ್ತದೆ. ಚೀಲ ತೆಗೆದ ದಿನ ಆ ಸೇತುವೆಯೂ ಹೋಗುತ್ತದೆ. 'ಆಪರೇಷನ್‌ಗೆ ಮುಂಚೆ ಇದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು ಡಾಕ್ಟ್ರೇ' ಎಂಬ ಮಾತು ಬರುವುದು ಇಂಥವರಿಂದಲೇ. ಅದು ಸುಳ್ಳಲ್ಲ. ಅದರರ್ಥ ಆಪರೇಷನ್ ಕೆಟ್ಟಿತು ಎಂದೂ ಅಲ್ಲ. ನಿಮ್ಮ ಸರ್ಜನ್ ಬಳಿ ಇದನ್ನು ಬಾಯಿಬಿಟ್ಟು ಕೇಳಿ: ನನ್ನ ಮೂಳೆಗಳು ಸ್ಕ್ಯಾನಿನಲ್ಲಿ ಹೇಗಿವೆ? ಆಪರೇಷನ್ ಆದ ಮೇಲೆ ಎಷ್ಟು ಕೇಳಿಸಬಹುದು?

ಈ ಕಾಯಿಲೆಯ ಆಪರೇಷನ್‌ನಲ್ಲಿ ಮೊದಲ ಗುರಿ ಕಿವಿಯನ್ನು ಅಪಾಯದಿಂದ ಪಾರುಮಾಡುವುದು. ಎರಡನೆಯದು ಸೋರದಂತೆ ಮಾಡುವುದು. ಕೇಳಿಸುವಂತೆ ಮಾಡುವುದು ಮೂರನೆಯದು. ಮೂರೂ ಒಟ್ಟಿಗೆ ಸಿಕ್ಕರೆ ಎಲ್ಲರಿಗೂ ಸಂತೋಷವೇ. ಆದರೆ ಒಂದನ್ನು ಬಿಡಬೇಕಾಗಿ ಬಂದರೆ ಮೂರನೆಯದನ್ನು ಬಿಡುತ್ತೇವೆ, ಮೊದಲನೆಯದನ್ನಲ್ಲ. ರೋಗಿ ಮತ್ತು ಸರ್ಜನ್ ಇಬ್ಬರೂ ಈ ಕ್ರಮವನ್ನು ಮೊದಲೇ ಒಪ್ಪಿಕೊಂಡಿದ್ದರೆ ಮುಂದೆ ಮನಸ್ತಾಪಕ್ಕೆ ಜಾಗವಿರುವುದಿಲ್ಲ.

ಡ್ರಾಪ್ಸ್‌ನಿಂದ ಹೋಗಲ್ವಾ? ಹೋಗುವುದಿಲ್ಲ. ಡ್ರಾಪ್ಸ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ವಾಸನೆ, ಸೋರುವಿಕೆ ಕಡಿಮೆಯಾಗುತ್ತದೆ. ಆದರೆ ಚೀಲಕ್ಕೆ ಏನೂ ಆಗುವುದಿಲ್ಲ. ಸತ್ತ ಚರ್ಮದ ರಾಶಿಯೊಳಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ನುಂಗಿದ ಆಂಟಿಬಯೋಟಿಕ್ ಅಲ್ಲಿಗೆ ಮುಟ್ಟುವುದೂ ಇಲ್ಲ. ಕಿವಿ ಒಣಗಿದ ವಾರಗಳಲ್ಲೂ ಒಳಗೆ ಚೀಲ ಹಿಗ್ಗುತ್ತಲೇ ಇರುತ್ತದೆ. ತುಂಬಾ ವಯಸ್ಸಾದವರು, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿಂದ ಅರಿವಳಿಕೆ ತಡೆಯಲಾರದವರು ಇದ್ದಾರೆ. ಅಂಥವರಿಗೆ ಕೆಲವು ತಿಂಗಳಿಗೊಮ್ಮೆ ಮೈಕ್ರೋಸ್ಕೋಪಿನಲ್ಲಿ ಚೀಲವನ್ನು ಶುಚಿ ಮಾಡುತ್ತಾ ದಿನ ತಳ್ಳುವುದುಂಟು. 36ನೇ ವಯಸ್ಸಿಗೆ ಆ ದಾರಿಯನ್ನು ನಾನು ಹೇಳುವುದಿಲ್ಲ.

ಪರೀಕ್ಷೆಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಶ್ರವಣ ಪರೀಕ್ಷೆ ಎರಡೂ ಕಿವಿಗೂ ಆಗಿರಬೇಕು. ಸಿಟಿ ಸ್ಕ್ಯಾನ್ ಮೂಳೆ ಎಲ್ಲಿ ಸವೆದಿದೆ, ನರ ಎಲ್ಲಿದೆ ಎಂದು ತೋರಿಸುವ ನಕ್ಷೆ. ಆದರೆ ಒಳಗೆ ಕಾಣುವ ಮಬ್ಬು ನೆರಳು ಚರ್ಮವೋ, ಬರೀ ಲೋಳೆಯೋ ಎಂದು ಸಿಟಿ ಹಲವು ಸಲ ಹೇಳಲಾರದು. ಆ ವ್ಯತ್ಯಾಸ ತಿಳಿಯಲು ಡಿಫ್ಯೂಷನ್ ಎಂಬ ಬಗೆಯ ಎಂಆರ್‌ಐ ಇದೆ. ಸುಮಾರು 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಅದು ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಇದು ಮುಂದೆ, ಆಪರೇಷನ್ ಆದ ಮೇಲೆ, ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆಪರೇಷನ್ ಹೇಗೆ ಎಂದು ಹೇಳುತ್ತೇನೆ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಸಾಮಾನ್ಯವಾಗಿ ಕಿವಿಯ ಹಿಂದಿನ ಮಡಿಕೆಯಲ್ಲಿ ಕೊಯ್ಯುತ್ತಾರೆ. ಗಾಯ ಮಾಗಿದ ಮೇಲೆ ಗುರುತು ಕಾಣುವುದೇ ಕಷ್ಟ. ಕಿವಿಯ ಹಿಂದೆ ಬೆರಳಿಗೆ ಗಟ್ಟಿಯಾಗಿ ತಾಕುವ ಮೂಳೆಯನ್ನು ಮೈಕ್ರೋಸ್ಕೋಪಿನ ಕೆಳಗೆ ಸಣ್ಣ ಡ್ರಿಲ್ಲಿನಿಂದ ಕೊರೆದು, ಚೀಲ ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೆ ಬಿಡಿಸುತ್ತಾರೆ. ಕಾಯಿಲೆ ಸಣ್ಣದಿದ್ದರೆ ಹೊರಗೆ ಕೊಯ್ಯದೆ, ಕಿವಿಯ ತೂತಿನಿಂದಲೇ ಎಂಡೋಸ್ಕೋಪ್ ತೂರಿಸಿ ತೆಗೆಯುವುದೂ ಇದೆ. ಮೈಕ್ರೋಸ್ಕೋಪಿಗೆ ನೇರ ಮಾತ್ರ ಕಾಣುತ್ತದೆ, ಎಂಡೋಸ್ಕೋಪಿಗೆ ಮೂಲೆಯ ಹಿಂದೂ ಕಾಣುತ್ತದೆ.

ಇಲ್ಲಿ ಒಂದು ದೊಡ್ಡ ಆಯ್ಕೆ ಬರುತ್ತದೆ. ಕಿವಿ ನಾಳದ ಹಿಂಗೋಡೆಯನ್ನು ಉಳಿಸಬೇಕಾ, ಒಡೆಯಬೇಕಾ? ಉಳಿಸಿದರೆ ಕಿವಿಯ ಆಕಾರ ಮೊದಲಿನಂತೆಯೇ ಇರುತ್ತದೆ. ಆಮೇಲೆ ನೀರಿನ ಭಯ ಕಡಿಮೆ. ಆದರೆ ಗೋಡೆಯ ಹಿಂದೆ ಒಂದು ತುಣುಕು ಚರ್ಮ ಉಳಿದರೂ ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಒಂಬತ್ತು ತಿಂಗಳಿಂದ ಒಂದು ವರ್ಷದ ಹೊತ್ತಿಗೆ ಮತ್ತೆ ತೆರೆದು ನೋಡುತ್ತಾರೆ, ಇಲ್ಲವೇ ಆ ಎಂಆರ್‌ಐ ಮಾಡಿಸುತ್ತಾರೆ. ಗೋಡೆ ಒಡೆದರೆ ಎಲ್ಲ ಒಂದೇ ತೆರೆದ ಕೋಣೆಯಾಗುತ್ತದೆ. ಏನಿದ್ದರೂ ಹೊರಗಿನಿಂದ ಕಾಣುತ್ತದೆ, ಕಾಯಿಲೆ ಮರಳುವುದು ಕಡಿಮೆ. ಆದರೆ ಆ ಕೋಣೆ ತನ್ನನ್ನು ತಾನು ಶುಚಿ ಮಾಡಿಕೊಳ್ಳಲಾರದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೋಗಿ ಶುಚಿ ಮಾಡಿಸಿಕೊಳ್ಳಬೇಕು, ಬಹುಪಾಲು ಜನ ಜೀವನಪೂರ್ತಿ. ತಣ್ಣೀರು ಹೋದರೆ ತಲೆ ಸುತ್ತಬಹುದು. ಸಮತೋಲನದ ನಾಳಕ್ಕೆ ಚಳಿ ನೇರವಾಗಿ ತಾಕುವುದೇ ಅದಕ್ಕೆ ಕಾರಣ. ಎರಡರಲ್ಲಿ ಯಾವುದು ಮೇಲು ಎಂದು ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ಮತ್ತೆ ಮತ್ತೆ ಬಂದು ತೋರಿಸಿಕೊಳ್ಳುವುದು ಕಷ್ಟ ಎನ್ನುವ ರೋಗಿಗೆ, ಕಾಯಿಲೆ ಜಾಸ್ತಿ ಹರಡಿದವರಿಗೆ ಗೋಡೆ ಒಡೆಯುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಚೀಲ ಸಣ್ಣದಿದ್ದು, ಕರೆದಾಗ ಬರುತ್ತೇನೆ ಎನ್ನುವವರಿಗೆ ಉಳಿಸಲು ಪ್ರಯತ್ನಿಸುತ್ತೇನೆ.

ತಮಟೆಯನ್ನು ನಿಮ್ಮದೇ ಸ್ನಾಯುವಿನ ಮೇಲಿನ ಪೊರೆಯಿಂದ ಅಥವಾ ಕಿವಿಯ ಮೃದು ಎಲುಬಿನಿಂದ ಕಟ್ಟುತ್ತಾರೆ. ಮೂಳೆಗಳು ಹೋಗಿದ್ದರೆ ನಿಮ್ಮದೇ ಮೂಳೆಯ ತುಣುಕನ್ನೋ ಟೈಟಾನಿಯಂನ ಪುಟ್ಟ ಕಂಬವನ್ನೋ ನಿಲ್ಲಿಸುತ್ತಾರೆ. ಕೆಲವೊಮ್ಮೆ ಇದನ್ನು ಬೇಕೆಂದೇ ಎರಡನೇ ಸಲಕ್ಕೆ ಬಿಡುತ್ತಾರೆ. ಕಾಯಿಲೆ ಪೂರ್ತಿ ಹೋಗಿದೆ ಎಂದು ಖಾತ್ರಿಯಾಗದೆ ಮೂಳೆ ಕಟ್ಟುವುದರಲ್ಲಿ ಅರ್ಥವಿಲ್ಲ. ಅಷ್ಟಾಗಿಯೂ ಕೇಳುವುದು ಸಾಲದಿದ್ದರೆ ಶ್ರವಣ ಸಾಧನ ಇದೆ. ಮೂಳೆಯ ಮೂಲಕ ಶಬ್ದ ಕಳಿಸುವ ಸಾಧನವೂ ಇದೆ.

ಇನ್ನು ಮುಖದ ನರ. ನಿಮ್ಮ ಹೆದರಿಕೆ ಸಹಜ. ಆ ನರ ನಿಜಕ್ಕೂ ನಾವು ಕೆಲಸ ಮಾಡುವ ಜಾಗದ ನಡುವೆಯೇ ಇದೆ. ಆದರೆ ಕಿವಿಯ ಆಪರೇಷನ್ ಕಲಿಯುವವರು ಮೊದಲು ಕಲಿಯುವುದೇ ಅದನ್ನು ಹುಡುಕಿ ಗುರುತಿಸುವುದನ್ನು. ಈಗ ಮುಖದ ಸ್ನಾಯುಗಳಿಗೆ ತಂತಿ ಹಚ್ಚಿ, ನರದ ಹತ್ತಿರ ಹೋದರೆ ಸದ್ದು ಮಾಡುವ ಯಂತ್ರವನ್ನೂ ಬಳಸುತ್ತಾರೆ. ಅನುಭವಿ ಕೈಯಲ್ಲಿ ಶಾಶ್ವತ ಪೆಟ್ಟಾಗುವುದು ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ. ಆ ಕಿವಿ ಪೂರ್ತಿ ಕೇಳದೇ ಹೋಗುವ ಅಪಾಯವೂ ಸಣ್ಣದು, ಆದರೆ ಇದೆ. ಆಪರೇಷನ್ ಮಾಡಿಸದೇ ಇದ್ದರೆ ಇದೇ ನರವನ್ನು ಇದೇ ಕಾಯಿಲೆ ತಿನ್ನಬಹುದು ಎಂಬುದನ್ನೂ ತಕ್ಕಡಿಯಲ್ಲಿಟ್ಟು ನೋಡಿ. ಇದಕ್ಕಿಂತ ಹೆಚ್ಚು ಸಾಮಾನ್ಯವಾದದ್ದು ರುಚಿಯ ಬದಲಾವಣೆ. ನಾಲಿಗೆಯ ಆ ಬದಿಗೆ ಹೋಗುವ ಒಂದು ತೆಳು ನರ ತಮಟೆಯ ಹಿಂದೆಯೇ ಹಾದು ಹೋಗುತ್ತದೆ. ಕೆಲವು ತಿಂಗಳು ಬಾಯಲ್ಲಿ ಲೋಹ ನೆಕ್ಕಿದಂತೆ ಅನಿಸಬಹುದು. ಹೆಚ್ಚಿನವರಿಗೆ ಕ್ರಮೇಣ ಸರಿಹೋಗುತ್ತದೆ.

ಆಪರೇಷನ್ ಆದ ಮೇಲೆ ಕಿವಿಯೊಳಗೆ ಒಂದರಿಂದ ಮೂರು ವಾರ ಔಷಧಿ ಹಚ್ಚಿದ ಪಟ್ಟಿ ತುಂಬಿರುತ್ತದೆ. ಆಗ ಕೇಳುವುದು ಮಂದವಾಗಿಯೇ ಇರುತ್ತದೆ, ಗಾಬರಿ ಬೇಡ. ಸಿಂಬಳ ತೆಗೆಯಲು ಮೂಗನ್ನು ಜೋರಾಗಿ ಊದಬೇಡಿ. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಿ. ಡಾಕ್ಟರು ಸರಿ ಎನ್ನುವವರೆಗೆ ನೀರು ತಾಗಿಸಬೇಡಿ, ಭಾರ ಎತ್ತಬೇಡಿ, ವಿಮಾನ ಹತ್ತಬೇಡಿ. ಸಿಗರೇಟು ಸೇದುವ ಅಭ್ಯಾಸವಿದ್ದರೆ ಬಿಡಲು ಇದೇ ಸರಿಯಾದ ಹೊತ್ತು. ಹೊಗೆ ಮೂಗು ಮತ್ತು ಕಿವಿಯ ಒಳಪೊರೆ ಎರಡನ್ನೂ ಕೆಡಿಸುತ್ತದೆ.

ತಪಾಸಣೆಯನ್ನು ಮಾತ್ರ ತಪ್ಪಿಸಬೇಡಿ. ಕಣ್ಣಿಗೆ ಕಾಣದಷ್ಟು ಚರ್ಮ ಉಳಿದಿದ್ದರೆ ಅದು ಮತ್ತೆ ಬೆಳೆಯುತ್ತದೆ. ಅಥವಾ ಹಳೆಯ ಕಾರಣವೇ, ಅಂದರೆ ಆ ಎಳೆತ, ಹೊಸ ಗುಳಿ ಮಾಡುತ್ತದೆ. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಜಾಸ್ತಿ. ಕಿವಿ ಒಣಗಿದೆ, ಆರಾಮಾಗಿದ್ದೇನೆ ಎಂದು ಎರಡನೇ ವರ್ಷಕ್ಕೆ ಬರುವುದನ್ನೇ ನಿಲ್ಲಿಸುವವರು ಬಹಳ. ಕಡಿಮೆಯೆಂದರೂ ಐದು ವರ್ಷ, ಸಾಧ್ಯವಿದ್ದರೆ ಇನ್ನೂ ಹೆಚ್ಚು ಕಾಲ ತೋರಿಸುತ್ತಿರಿ. ಎಡಗಿವಿಯನ್ನೂ ಪ್ರತಿ ಸಲ ನೋಡಲು ಹೇಳಿ. ಎಳೆತದ ತೊಂದರೆ ಎರಡೂ ಕಡೆ ಇರುವುದು ಅಪರೂಪವಲ್ಲ.

ಕೊನೆಗೆ ಎರಡು ತಿಂಗಳ ಮಾತು. ಹೆಚ್ಚಿನವರಲ್ಲಿ ಈ ಚೀಲ ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ಕಾಯಬಹುದು. ಅಲ್ಲಿಯವರೆಗೆ ಕಿವಿಯನ್ನು ಒಣಗಿಸಿಡಿ. ಸ್ನಾನಕ್ಕೆ ಹೋಗುವಾಗ ವ್ಯಾಸಲೀನ್ ಹಚ್ಚಿದ ಹತ್ತಿ ಉಂಡೆ ಇಟ್ಟುಕೊಳ್ಳಿ, ಬಂದ ಮೇಲೆ ತೆಗೆದುಬಿಡಿ. ಡಾಕ್ಟರು ಬರೆದ ಡ್ರಾಪ್ಸ್ ಬಿಟ್ಟು ಎಣ್ಣೆ, ಮನೆಮದ್ದು, ಹಳೆಯ ಬಾಟಲಿಯ ಔಷಧಿ ಯಾವುದನ್ನೂ ಹಾಕಬೇಡಿ. ತಮಟೆಗೆ ತೂತಿದ್ದಾಗ ಕೆಲವು ಡ್ರಾಪ್ಸ್ ಒಳಗಿವಿಗೇ ಹಾನಿ ಮಾಡಬಲ್ಲವು. ಸಾಧ್ಯವಾದರೆ ನಡುವೆ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ಶುಚಿ ಮಾಡಿಸಿಕೊಳ್ಳಿ. ಸೋಂಕು ಕಡಿಮೆ ಇರುವ ಕಿವಿಯಲ್ಲಿ ರಕ್ತ ಜಿನುಗುವುದು ಕಡಿಮೆ, ಆಪರೇಷನ್ ಮಾಡುವವರಿಗೂ ಸಲೀಸು.

ಆದರೆ ಈ ನಡುವೆ ಮುಖದ ಒಂದು ಬದಿ ಜೋತುಬಿದ್ದರೆ, ಕೋಣೆಯೇ ತಿರುಗಿದಂತೆ ತಲೆಸುತ್ತು ಬಂದರೆ, ಕಿವಿ ಇದ್ದಕ್ಕಿದ್ದಂತೆ ಕೇಳದೇ ಹೋದರೆ ಎರಡು ತಿಂಗಳು ಕಾಯಬೇಡಿ. ಕಿವಿಯ ಹಿಂದೆ ಊದಿ ಕಿವಿ ಮುಂದಕ್ಕೆ ಬಂದರೂ ಅಷ್ಟೇ. ಜ್ವರದ ಜೊತೆ ಜೋರು ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದ ಬಿಗಿತ, ಮಂಪರು ಕಾಣಿಸಿಕೊಂಡರೂ ಅಷ್ಟೇ. ಮಾರನೇ ದಿನಕ್ಕೂ ಮುಂದೂಡಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ. ಸ್ಕ್ಯಾನಿನ ಫಿಲ್ಮನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಬಾಗಿಲಲ್ಲೇ 'ನನಗೆ ಕಿವಿಯಲ್ಲಿ ಕೊಲೆಸ್ಟಿಯಟೋಮಾ ಇದೆ' ಎಂದು ಹೇಳಿ.